ಮೋತಿಯ ಎಡಗಾಲು ಮತ್ತು ನನ್ನ ಸೈನು

ಕಳೆದ ಭಾನುವಾರ ಸಂಜೆ ಕೆ.ಆರ್. ಪೇಟೆಯ ಒಂದು ಕಲ್ಯಾಣ ಮಂಟಪದ ಮುಂದೆ, ಡಿಜೆ ಅಬ್ಬರದ ನಟ್ಟನಡುವೆ, ಸೆಕೆಂಡ್ ಪಿಯುಸಿ ಓದುವ ಹುಡುಗಿಯೊಬ್ಬಳು ಮದುವೆ ಗಂಡು ಕೂತಿದ್ದ ಕುದುರೆಯ ಲಗಾಮು ಹಿಡಿದು ನಿಲ್ಲಿಸಿಬಿಟ್ಟಳು. ನಿಲ್ಲಿಸಿ, "ಅಣ್ಣ, ಕೆಳಗಿಳೀರಿ" ಅಂದಳು.

ಆ ವಿಡಿಯೋ ನೀವು ನೋಡಿರುತ್ತೀರಿ. ನಮ್ಮ ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ಈ ವಾರ ಬೇರೇನೂ ಓಡಾಡಲಿಲ್ಲ. 'ಮದುವೆ ಮನೆಯಲ್ಲಿ ಹುಡುಗಿಯ ರಂಪಾಟ' ಅಂತ ಒಬ್ಬರು ಹೆಡ್ಡಿಂಗ್ ಹಾಕಿದ್ದರು. ಹಳೇ ಲವ್ವರ್ ಇರಬೇಕು ಅಂತ ಇನ್ನೊಬ್ಬರು ಕಾಮೆಂಟು. (ಹುಡುಗಿಯೊಬ್ಬಳು ಮದುವೆ ಗಂಡನ್ನು ತಡೆದರೆ ನಮಗೆ ಹೊಳೆಯುವ ಕಾರಣ ಅದೊಂದೇ.)

ವಿಡಿಯೋದ ಎಡಮೂಲೆಯಲ್ಲಿ ಹಸಿರು ರೇಷ್ಮೆ ಸೀರೆಯುಟ್ಟು, ಕೈಯಲ್ಲಿ ದ್ರಾಕ್ಷಿ ಜ್ಯೂಸಿನ ಲೋಟ ಹಿಡಿದು, ಕಲ್ಲಿನ ಹಾಗೆ ನಿಂತ ಹೆಂಗಸೊಬ್ಬಳು ಕಾಣುತ್ತಾಳೆ. ಅದು ನಾನು.

ಆ ಹೆಂಗಸನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ನೋಡಿದಾಗಲೆಲ್ಲ ಅವಳ ಕೈಯಿಂದ ಆ ಲೋಟ ಕಿತ್ತು ಬಿಸಾಡಬೇಕು ಅನ್ನಿಸುತ್ತದೆ. ಹಳೇ ಓದುಗರಿಗೆ ಗೊತ್ತು, ಕೋಪ ಬಂದಾಗ ನನಗೆ ಪೀಠಿಕೆ ಹಾಕಲು ಬರುವುದಿಲ್ಲ. ಆದರೂ ಈ ಸಲ ಸ್ವಲ್ಪ ಹಿಂದಿನಿಂದ ಹೇಳಬೇಕು. ಇಲ್ಲದಿದ್ದರೆ ನೀವೂ ಆ ಹುಡುಗಿಯನ್ನು ರಂಪಾಟದವಳು ಅಂದುಕೊಂಡುಬಿಡುತ್ತೀರಿ.

ಪಾಂಡವಪುರದ ಒಂದು ಪಿಯು ಕಾಲೇಜಿನಲ್ಲಿ ನಾನು ಬಯಾಲಜಿ ಮೇಡಂ. ಹೋದ ವರ್ಷ ಒಂದು ದಿನ ಕ್ಲಾಸಿನಲ್ಲಿ, ಮುಂದೆ ಏನಾಗ್ತೀರಿ ಎಂಬ ಸವಕಲು ಪ್ರಶ್ನೆ ಕೇಳಿದೆ. ಡಾಕ್ಟರು. ಡಾಕ್ಟರು. ನರ್ಸಿಂಗು. ಡಾಕ್ಟರು. ಕೊನೇ ಬೆಂಚಿನಿಂದ ರಕ್ಷಿತಾ ಎದ್ದು ನಿಂತು, ಕುದುರೆ ಡಾಕ್ಟರು ಅಂದಳು. ಕ್ಲಾಸು ಬಿದ್ದೂ ಬಿದ್ದೂ ನಕ್ಕಿತು. ನಾನೂ ನಕ್ಕೆ ಅನ್ನಿ.

ಕ್ಯಾತನಹಳ್ಳಿಯ ಹುಡುಗಿ. ಅಪ್ಪ ಕಬ್ಬು ಬೆಳೆಯುತ್ತಾರೆ, ಮನೆಯಲ್ಲಿ ಮೂರು ಸೀಮೆಹಸು. ದನದ ಡಾಕ್ಟರಾಗುತ್ತೇನೆ ಅಂದಿದ್ದರೆ ಯಾರೂ ನಗುತ್ತಿರಲಿಲ್ಲ. ಕುದುರೆಯೇ ಯಾಕೆ ಅಂತ ಆಮೇಲೆ ಸ್ಟಾಫ್ ರೂಮಿಗೆ ಕರೆದು ಕೇಳಿದೆ. ಎಂಟನೇ ಕ್ಲಾಸಿನಲ್ಲಿದ್ದಾಗ ಅಪ್ಪನ ಜೊತೆ ಶ್ರೀರಂಗಪಟ್ಟಣಕ್ಕೆ ಹೋಗಿದ್ದಳಂತೆ. ಬಸ್ ಸ್ಟ್ಯಾಂಡಿನ ಹತ್ತಿರ ಜಟಕಾ ಕುದುರೆಯೊಂದು ಬಿದ್ದು ಏಳಲಾರದೆ ಒದ್ದಾಡುತ್ತಿತ್ತಂತೆ. ನೀರು ಚಿಮುಕಿಸಿ ಅಂದವರೆಷ್ಟೋ, ಮೂಗಿಗೆ ಈರುಳ್ಳಿ ಹಿಡೀರಿ ಅಂದವರೆಷ್ಟೋ, ಬಾಲ ಹಿಡಿದು ಎಳೀರಿ ಅಂದವರೆಷ್ಟೋ. ನಿಜವಾಗಿ ಏನು ಮಾಡಬೇಕೆಂದು ಅಲ್ಲಿದ್ದ ಒಬ್ಬರಿಗೂ ಗೊತ್ತಿರಲಿಲ್ಲ.

"ಅಷ್ಟ್ ಜನದ್ ಮಧ್ಯ ಅದ್ಕೆ ಅಂತ ಯಾರೂ ಇರ್ನಿಲ್ಲ ಮೇಡಂ" ಅಂದಳು ರಕ್ಷಿತಾ.

ನಾನು ನಕ್ಕಿದ್ದಕ್ಕೆ ನನಗೇ ನಾಚಿಕೆಯಾಯಿತು. ಆ ನಾಚಿಕೆಯಲ್ಲೇ ಕ್ಲಬ್ಬು ಹುಟ್ಟಿತು. ಕುದುರೆ ಡಾಕ್ಟರಾಗಬೇಕು ಎನ್ನುವ ಮಕ್ಕಳ ಕ್ಲಬ್ಬು. ಮೊದಲು ಮೂವರು, ಆಮೇಲೆ ಹನ್ನೊಂದು ಮಂದಿ. ಅದರಲ್ಲಿ ಒಬ್ಬ ನಾಗಮಂಗಲ ತಾಲ್ಲೂಕಿನ ಹೊಣಕೆರೆಯಿಂದ ಬಸ್ಸು ಬದಲಿಸಿ ಬದಲಿಸಿ ಬರುತ್ತಾನೆ. ರೇಸ್ ಆಡಿಸೋಕೆ ಶುರು ಮಾಡಿದಿರಾ ಮೇಡಂ ಅಂತ ಸ್ಟಾಫ್ ರೂಮಿನಲ್ಲಿ ತಮಾಷೆಯೋ ತಮಾಷೆ. ನನಗೆ ಗೊತ್ತಿದ್ದದ್ದು ಪುಸ್ತಕದ ಕುದುರೆ. ಹಾಗಾಗಿ ಶ್ರೀರಂಗಪಟ್ಟಣ ಕಡೆಯ ಸರ್ಕಾರಿ ಪಶುವೈದ್ಯರೊಬ್ಬರನ್ನು ಕಾಡಿ ಬೇಡಿ ಒಪ್ಪಿಸಿದೆ. ಕುದುರೆಗೇ ಅಂತ ಬೇರೆ ಡಿಗ್ರಿ ಇಲ್ಲ ಮಕ್ಕಳಾ, ಮೊದಲು ಎಲ್ಲ ಪ್ರಾಣಿಗಳನ್ನೂ ಓದಿ, ಆಮೇಲೆ ಕುದುರೆ ಅಂತ ಅವರು ಮೊದಲ ದಿನವೇ ಬಿಡಿಸಿ ಹೇಳಿದರು. ಒಬ್ಬರೂ ಕ್ಲಬ್ಬು ಬಿಡಲಿಲ್ಲ.

ಎರಡು ವಾರಕ್ಕೊಮ್ಮೆ ಶನಿವಾರ ಮಧ್ಯಾಹ್ನ ನಮ್ಮ ಸವಾರಿ ಶ್ರೀರಂಗಪಟ್ಟಣಕ್ಕೆ. ಟೂರಿಸ್ಟುಗಳನ್ನು ಕೋಟೆ, ದೇವಸ್ಥಾನ, ಸಂಗಮ ಸುತ್ತಿಸುವ ಜಟಕಾಗಳು ನಿಲ್ಲುವ ಜಾಗದಲ್ಲಿ ನಮ್ಮ ಪ್ರಾಕ್ಟಿಕಲ್ ಕ್ಲಾಸು.

ಕ್ಲಬ್ಬಿಗೆ ಎರಡೇ ರೂಲ್ಸು. ಎರಡನ್ನೂ ಮಾಡಿದ್ದು ನಾನು.

ಮೊದಲನೆಯದು, ಕುದುರೆ ಹತ್ತಿರ ಹೋದ ಕೂಡಲೇ ಮುಟ್ಟುವ ಹಾಗಿಲ್ಲ. ಕೈ ಹಿಂದೆ ಕಟ್ಟಿಕೊಂಡು ಹತ್ತು ನಿಮಿಷ ಬರೀ ನೋಡಬೇಕು. ಹೇಗೆ ನಿಂತಿದೆ, ಕಿವಿ ಎತ್ತ ತಿರುಗಿಸುತ್ತಿದೆ, ಯಾವ ಕಾಲಿನ ಮೇಲೆ ಭಾರ ಬಿಟ್ಟಿದೆ. ಎರಡನೆಯದು, ಕ್ಲಬ್ಬಿನ ಪುಸ್ತಕದಲ್ಲಿ ಕಂಡದ್ದನ್ನು ಮಾತ್ರ ಬರೆಯಬೇಕು, ಅನ್ನಿಸಿದ್ದನ್ನಲ್ಲ. 'ಕುದುರೆ ಬೇಜಾರಲ್ಲಿದೆ' ಅಂತ ಯಾರಾದರೂ ಬರೆದರೆ ಕೆಂಪು ಇಂಕಿನಲ್ಲಿ ಹೊಡೆದು ಹಾಕುತ್ತಿದ್ದೆ. ಬೇಜಾರು ನಿನ್ನ ಕಣ್ಣಿಗೆ ಕಂಡಿತೇನಪ್ಪ? ಹುಲ್ಲು ಬಿಟ್ಟಿದೆ ಅಂತ ಬರಿ, ತಲೆ ತಗ್ಗಿಸಿ ನಿಂತಿದೆ ಅಂತ ಬರಿ. ಇಷ್ಟು ಕಟ್ಟುನಿಟ್ಟಿನ ಮೇಡಂ ನಾನು.

ಮೋತಿ ಅಲ್ಲಿನ ಆರು ಕುದುರೆಗಳಲ್ಲಿ ಒಂದು. ಬಿಳೀ ಹೆಣ್ಣು ಕುದುರೆ. ಗಾಡಿ ಹೊಡೆಯುವ ಪಾಷಾ ಅವರಿಗೆ ಅರವತ್ತರ ಹತ್ತಿರ ವಯಸ್ಸು. ಮಕ್ಕಳಿಗೆ ಅವರು ಪಾಷಣ್ಣ, ಅವರಿಗೆ ನಾನು ಟೀಚರಮ್ಮ. ರಕ್ಷಿತಾ ಹೋದ ಕೂಡಲೇ ಮೋತಿ ಅವಳ ದುಪಟ್ಟಾ ಅಗಿಯಲು ಶುರು ಮಾಡುತ್ತಿತ್ತು. ಹತ್ತು ನಿಮಿಷದ ರೂಲ್ಸನ್ನು ಮುರಿಯುತ್ತಿದ್ದದ್ದು ಕುದುರೆಯೇ ಹೊರತು ಹುಡುಗಿಯಲ್ಲ.

ಇಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು. ಚೆನ್ನಾಗಿರುವುದನ್ನು ಚೆನ್ನಾಗಿರಲು ಬಿಡುತ್ತೇವೆಯೇ? ಒಂದು ಪ್ರೋಗ್ರಾಂ ಮಾಡಲೇಬೇಕಲ್ಲ.

ನಮ್ಮ ಕಾಲೇಜಿನ ಆಡಳಿತ ಮಂಡಳಿಗೆ ಒಬ್ಬರು ಕಾರ್ಯದರ್ಶಿಗಳಿದ್ದಾರೆ. ಕ್ಲಬ್ಬಿನ ವಿಷಯ ಅವರ ಕಿವಿಗೆ ಬಿದ್ದು, 'ಆರೋಗ್ಯವಂತ ಕುದುರೆ ಸ್ಪರ್ಧೆ' ಮಾಡಿ ಮೇಡಂ, ಪೇಪರಿನವರನ್ನು ನಾನು ಕರೆಸ್ತೀನಿ ಅಂದರು. ಜಟಕಾ ಸ್ಟ್ಯಾಂಡಿನ ಪಕ್ಕದ ಬಯಲಲ್ಲಿ ಶಾಮಿಯಾನ ಬಂತು, ಮೈಕು ಬಂತು, ಅವರ ಫೋಟೋ ಇರುವ ಫ್ಲೆಕ್ಸು ಬಂತು. (ಫ್ಲೆಕ್ಸಿನಲ್ಲಿ ಕುದುರೆಯೂ ಇತ್ತು. ಮೂಲೆಯಲ್ಲಿ, ಚಿಕ್ಕದಾಗಿ.)

ಆರು ಕುದುರೆಗಳನ್ನೂ ನೋಡಿ ಗುರುತು ಹಾಕಿಕೊಳ್ಳುವ ಕೆಲಸ ಮಕ್ಕಳದ್ದು. ಪಶುವೈದ್ಯರು ಅವತ್ತು ಮೈಸೂರಿನಲ್ಲಿ ಮೀಟಿಂಗಿಗೆ ಹೋಗಿದ್ದರು. ಮೋತಿಯನ್ನು ನೋಡಿದವಳು ರಕ್ಷಿತಾ. ಸ್ಪರ್ಧೆ ಶುರುವಾಗುವ ಮುಂಚೆಯೇ ಪುಸ್ತಕ ತಂದು ನನ್ನ ಮುಂದೆ ಹಿಡಿದಳು. ಅವಳು ಬರೆದದ್ದು ನನಗೆ ಬಾಯಿಪಾಠ ಬರುತ್ತದೆ. 'ಮುಂದಿನ ಎಡಗಾಲನ್ನು ಮುಂದಕ್ಕೆ ಚಾಚಿ ನಿಂತಿದೆ. ಆ ಗೊರಸು ಬಿಸಿ ಇದೆ, ಉಳಿದ ಮೂರು ತಣ್ಣಗಿವೆ. ನಡೆಯುವಾಗ ಎಡಗಾಲು ನೆಲಕ್ಕೆ ತಾಗಿದ ಕೂಡಲೇ ತಲೆ ಮೇಲಕ್ಕೆ ಎತ್ತುತ್ತದೆ.'

ಕುದುರೆ ಹಿಂಗಾಲಿಗೆ ಆಗಾಗ ವಿಶ್ರಾಂತಿ ಕೊಟ್ಟು ನಿಲ್ಲುತ್ತದೆ, ಅದು ಮಾಮೂಲಿ. ಮುಂಗಾಲು ಚಾಚಿ ನಿಂತರೆ ನೋವಿದೆ ಅಂತ ಅರ್ಥ. ನೋಯುವ ಮುಂಗಾಲು ನೆಲಕ್ಕೆ ಊರಿದಾಗ ಅದು ತಲೆ ಎತ್ತುವುದು ಭಾರ ತಪ್ಪಿಸಿಕೊಳ್ಳಲಿಕ್ಕೆ. ಇದನ್ನೆಲ್ಲ ಬೋರ್ಡಿನ ಮೇಲೆ ಚಿತ್ರ ಬರೆದು ಮಕ್ಕಳಿಗೆ ಕಲಿಸಿದ್ದು ಯಾರು? ನಾನೇ.

ಅದೇ ಹೊತ್ತಿಗೆ ಕಾರ್ಯದರ್ಶಿಗಳು ಬಂದರು. ಮೊದಲು, ಎರಡು, ಮೂರು ಅಂತ ಯಾಕೆ ಮೇಡಂ, ಪಾಪ ಬಡವರು, ಯಾರೂ ಮುಖ ಸಣ್ಣ ಮಾಡಿಕೊಂಡು ಹೋಗೋದು ಬೇಡ, ಆರಕ್ಕೂ ಸರ್ಟಿಫಿಕೇಟ್ ಕೊಟ್ಟುಬಿಡೋಣ ಅಂದರು. ಪ್ರಿಂಟು ಕೂಡ ಮಾಡಿಸಿಕೊಂಡೇ ಬಂದಿದ್ದರು. ದಪ್ಪ ಹಾಳೆ, ಚಿನ್ನದ ಬಣ್ಣದ ಅಂಚು. ಎಲ್ಲೋ ಆರೋಗ್ಯವಂತ ಶಿಶು ಸ್ಪರ್ಧೆಗೆ ಮಾಡಿದ್ದ ಹಳೇ ಮ್ಯಾಟರನ್ನು ತೆಗೆದು, ಶಿಶು ಇದ್ದ ಕಡೆ ಕುದುರೆ ಅಂತ ಹಾಕಿದ್ದರು. 'ಈ ಕುದುರೆಯನ್ನು ಪರೀಕ್ಷಿಸಲಾಗಿದ್ದು, ಸಂಪೂರ್ಣ ಆರೋಗ್ಯವಾಗಿದೆ ಎಂದು ಪ್ರಮಾಣೀಕರಿಸಲಾಗಿದೆ.' ಕೆಳಗೆ ಎರಡು ಗೆರೆ. ಒಂದು ಕಾರ್ಯದರ್ಶಿಗಳಿಗೆ, ಇನ್ನೊಂದು ಕ್ಲಬ್ಬಿನ ಸಂಚಾಲಕಿಗೆ.

ನಾನು ಓದಿದೆ. ಓದದೆ ಸೈನ್ ಹಾಕಿದೆ ಅಂತ ಸುಳ್ಳು ಹೇಳಲಾರೆ. ಪೂರ್ತಿ ಓದಿದೆ.

ರಕ್ಷಿತಾ ಪುಸ್ತಕ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದಳು. ಮೇಡಂ, ಮೋತಿಗೆ ಕೊಡಬೇಡಿ ಅಂದಳು, ಮೆಲ್ಲಗೆ. ಮೈಕಿನಲ್ಲಿ ಆಗಲೇ ಸ್ವಾಗತ ಭಾಷಣ ಶುರುವಾಗಿತ್ತು. ಬಿಸಿಲಿತ್ತು. ಮುಗಿದರೆ ಸಾಕಪ್ಪ ಅನ್ನಿಸಿತ್ತು. "ಬಿಡವ್ವ, ಇದು ಪ್ರೋಗ್ರಾಂ, ಪರೀಕ್ಷೆ ಅಲ್ಲ" ಅಂದೆ. ಆರಕ್ಕೂ ಸೈನ್ ಹಾಕಿದೆ.

ಪಾಷಾ ವೇದಿಕೆ ಹತ್ತಿ, ಕಾರ್ಯದರ್ಶಿಗಳ ಕೈಯಿಂದ ಸರ್ಟಿಫಿಕೇಟ್ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು. ಮುಂದಿನ ವಾರ ನಾವು ಹೋದಾಗ ಅದು ಲ್ಯಾಮಿನೇಟ್ ಆಗಿ ಜಟಕಾದ ಒಳಗೆ, ಸವಾರಿ ಕೂರುವವರಿಗೆ ಕಾಣುವ ಹಾಗೆ ನೇತಾಡುತ್ತಿತ್ತು.

ಆ ವಾರ ಪಶುವೈದ್ಯರು ಬಂದಿದ್ದರು. ರಕ್ಷಿತಾ ಅವರ ಕೈಗೆ ಪುಸ್ತಕ ಕೊಟ್ಟಳು. ಅವರು ಓದಿ, ಮೋತಿಯ ಎಡಗಾಲು ಎತ್ತಿ ನೋಡಿ, ಲಾಳ ಬಿಚ್ಚಿಸಿದರು. ಲಾಳ ಹೊಡೆಯುವಾಗ ಒಂದು ಮೊಳೆ ಒಳಗಿನ ಜೀವ ಇರುವ ಜಾಗಕ್ಕೆ ತಾಗಿ, ಗೊರಸಿನೊಳಗೆ ಕೀವು ಕಟ್ಟಿಕೊಂಡಿತ್ತು. ಕೀವು ತೆಗೆದು ಬ್ಯಾಂಡೇಜು ಕಟ್ಟಿದರು. ಒಂದು ತಿಂಗಳು ಗಾಡಿ ಇಲ್ಲ, ಸವಾರಿ ಇಲ್ಲ, ಟಾರು ರಸ್ತೆ ಇಲ್ಲ, ದಿನಾ ಉಪ್ಪು ಹಾಕಿದ ಬಿಸಿನೀರಿನಲ್ಲಿ ಕಾಲು ಅದ್ದಬೇಕು ಅಂದರು. ಹುಡುಗಿ ಸರಿಯಾಗಿ ಬರೆದಿದ್ದಾಳೆ, ಎಂಟು ದಿನ ಮುಂಚೆ ಸಿಕ್ಕಿದ್ದರೆ ಸುಲಭವಾಗ್ತಿತ್ತು ಅಂತಲೂ ಅಂದರು. ನಾನು ಬೇರೆ ಕಡೆ ನೋಡಿದೆ.

ಮಕ್ಕಳು ಸರದಿ ಹಾಕಿಕೊಂಡರು. ಕಾಲೇಜು ಮುಗಿಸಿ ದಿನಕ್ಕಿಬ್ಬರು ಶ್ರೀರಂಗಪಟ್ಟಣದ ಬಸ್ಸು ಹತ್ತುವುದು, ನೀರು ಕಾಯಿಸುವುದು, ಮೋತಿಯ ಕಾಲನ್ನು ಬಕೆಟ್ಟಿಗೆ ಇಳಿಸಿ ಇಪ್ಪತ್ತು ನಿಮಿಷ ಹಿಡಿದು ಕೂರುವುದು. ಮನೆಮನೆಯಿಂದ ಹುರುಳಿ ತಂದು ಕೊಟ್ಟರು. ಎರಡನೇ ವಾರದ ಕೊನೆಗೆ ಮೋತಿ ಎಡಗಾಲಿನ ಮೇಲೂ ಭಾರ ಬಿಟ್ಟು ನಿಲ್ಲತೊಡಗಿತು. ರಕ್ಷಿತಾ ಪುಸ್ತಕದಲ್ಲಿ ಬರೆದಳು: 'ಇವತ್ತು ನಾಲ್ಕೂ ಗೊರಸು ತಣ್ಣಗಿವೆ.' ಕೆಂಪು ಇಂಕಿನಲ್ಲಿ ಒಂದು ಸ್ಟಾರ್ ಹಾಕಿಕೊಟ್ಟೆ. ಸೈನ್ ಹಾಕಿದ್ದರ ಪಾಪ ತೊಳೆದುಹೋಯಿತು ಅಂದುಕೊಂಡೆ. ನಮಗೆ ನಾವೇ ಎಷ್ಟು ಬೇಗ ಕ್ಷಮೆ ಕೊಟ್ಟುಕೊಳ್ಳುತ್ತೇವೆ ನೋಡಿ!

ಆದರೆ ಆ ಲ್ಯಾಮಿನೇಟ್ ಹಾಳೆ ಅಲ್ಲೇ ನೇತಾಡುತ್ತಿತ್ತು. ಅದನ್ನು ಇಳಿಸಬೇಕು ಅಂತ ನನಗೆ ಹೊಳೆಯಲಿಲ್ಲ.

ಈಗ ಭಾನುವಾರಕ್ಕೆ ಬರುತ್ತೇನೆ.

ಮದುವೆ ಗಂಡು ನಮ್ಮ ಕಾರ್ಯದರ್ಶಿಗಳ ತಂಗಿಯ ಮಗ. ಹಾಗಾಗಿ ನಮಗೆಲ್ಲ ಕಾರ್ಡು, ಹಾಗಾಗಿ ನನ್ನ ಮೈಮೇಲೆ ಹಸಿರು ರೇಷ್ಮೆ ಸೀರೆ. ಹೆಣ್ಣಿನ ಕಡೆಯವರು ರಕ್ಷಿತಾಳ ಅಮ್ಮನಿಗೆ ದೂರದ ನೆಂಟರು. ಹಾಗಾಗಿ ರಕ್ಷಿತಾಳ ಮನೆಯವರೂ ಬಂದಿದ್ದರು. ಈಗಿನ ರಿಸೆಪ್ಷನ್ನಿಗೆ ಗಂಡು ಕಾರಿನಲ್ಲಿ ಇಳಿದರೆ ಸಾಲದು. ಕುದುರೆ ಮೇಲೆ 'ಎಂಟ್ರಿ' ಆಗಬೇಕು. ತಲೆಗೆ ಪೇಟ, ಕೈಗೆ ಬಾಡಿಗೆ ಕತ್ತಿ, ಮುಂದೆ ಡಿಜೆ, ಮೇಲೆ ಡ್ರೋನು. ನಮ್ಮ ಅಜ್ಜಂದಿರು ಯಾವ ಕುದುರೆ ಏರಿ ಮದುವೆಯಾಗಿದ್ದರು? ಎತ್ತಿನ ಗಾಡಿಯಲ್ಲಿ ಕೂತು, ಬಾಯಿ ಮುಚ್ಚಿಕೊಂಡು ಬಂದು, ತಾಳಿ ಕಟ್ಟಿ ಹೋದವರು. ಈಗ ಎಲ್ಲರೂ ಮಹಾರಾಜರೇ.

ಬಂದ ಕುದುರೆ ಬಿಳಿಯದು. ಮೈಮೇಲೆ ಜರಿಯ ಬಟ್ಟೆ, ಹಣೆಗೆ ಗೊಂಡೆ. ಡಿಜೆ ಬೀಟಿಗೆ ತಲೆಯನ್ನು ಮೇಲಕ್ಕೆ ಎತ್ತಿ ಎತ್ತಿ ಇಳಿಸುತ್ತಿತ್ತು. ಜನ ಶಿಳ್ಳೆ ಹೊಡೆದರು. ಎಲ್ಲರ ಮೊಬೈಲುಗಳೂ ಮೇಲೆದ್ದವು. ಎಷ್ಟ್ ಚೆನ್ನಾಗಿ ಡ್ಯಾನ್ಸ್ ಮಾಡ್ತೈತೆ ನೋಡಿ ಮೇಡಂ, ತಾಳಕ್ಕೆ ಸರಿಯಾಗಿ ತಲೆ ಆಡಿಸ್ತೈತೆ ಅಂತ ಪಕ್ಕದಲ್ಲಿದ್ದ ಹೆಂಗಸು ನನ್ನ ಭುಜ ಅಲುಗಿಸಿ ತೋರಿಸಿದರು.

ಅದು ತಾಳಕ್ಕೆ ತಲೆ ಆಡಿಸುತ್ತಿರಲಿಲ್ಲ. ಎಡಗಾಲು ನೆಲಕ್ಕೆ ತಾಗಿದಾಗಲೆಲ್ಲ ಆಡಿಸುತ್ತಿತ್ತು.

ಮೋತಿ. ವೈದ್ಯರು ಹೇಳಿದ ಒಂದು ತಿಂಗಳು ತುಂಬುವ ಮೊದಲೇ, ಮದುವೆಗೆಂದು ಲಾಳ ಮತ್ತೆ ಹೊಡೆಸಿದ್ದರು. ಆ ಮಾಯುತ್ತಿದ್ದ ಗೊರಸಿಗೆ ಮೊಳೆ ಹೊಡೆಸಿದ್ದರು. ಬೆನ್ನ ಮೇಲೆ ಕಮ್ಮಿಯೆಂದರೂ ಎಂಬತ್ತು ಕೆಜಿಯ ಗಂಡು. ಕೆಳಗೆ ಟಾರು ರಸ್ತೆ. ಪಾಷಾ ಲಗಾಮಿನ ಹತ್ತಿರ ತಲೆ ತಗ್ಗಿಸಿಕೊಂಡು ನಡೆಯುತ್ತಿದ್ದರು.

ನನಗೆ ಒಂದೇ ನೋಟಕ್ಕೆ ಗೊತ್ತಾಯಿತು. ನಾನು ಏನು ಮಾಡಿದೆ? ಜ್ಯೂಸ್ ಲೋಟ ಹಿಡಿದು ನಿಂತೆ. ಕಾರ್ಯದರ್ಶಿಗಳ ಮನೆ ಮದುವೆ, ನಡುರಸ್ತೆಯಲ್ಲಿ ಹೋಗಿ ಹೇಗೆ ಹೇಳುವುದು, ಇನ್ನೇನು ಬಾಗಿಲು ಹತ್ತಿರ ಬಂತಲ್ಲ, ಮುಗಿದೇ ಹೋಗುತ್ತದೆ, ಆಮೇಲೆ ಪಾಷಾ ಹತ್ತಿರ ಮಾತಾಡಿದರಾಯಿತು. ಹೀಗೆಲ್ಲ ಯೋಚಿಸಿದೆ. ಹತ್ತು ನಿಮಿಷ ಬರೀ ನೋಡಬೇಕು ಅಂತ ಕಲಿಸಿದವಳಲ್ಲವೇ? ನೋಡುತ್ತಾ ನಿಂತೆ.

ರಕ್ಷಿತಾ ನಿಲ್ಲಲಿಲ್ಲ. ಲಂಗದ ಅಂಚು ಒಂದು ಕೈಯಲ್ಲಿ ಎತ್ತಿ ಹಿಡಿದುಕೊಂಡು, ಕುಣಿಯುವ ಹುಡುಗರ ನಡುವೆ ತೂರಿಕೊಂಡು ಹೋಗಿ ಲಗಾಮಿಗೆ ಕೈ ಹಾಕಿದಳು. "ಅಣ್ಣ, ಕೆಳಗಿಳೀರಿ. ಇದ್ಕೆ ಕಾಲು ನೋಯ್ತದೆ." ಗಂಡು ನಕ್ಕ. ಡಿಜೆ ಹುಡುಗ ಏನೋ ತಮಾಷೆ ಇರಬೇಕೆಂದು ಸೌಂಡು ಇನ್ನೂ ಜೋರು ಮಾಡಿದ. ಆಚಿಗೆ ಎಳೀರ್ಲಾ ಅವ್ಳನ್ನ ಅಂತ ಹಿಂದಿನಿಂದ ಯಾರೋ ಕೂಗಿದರು. ಒಬ್ಬ ಬಂದು ತೋಳು ಹಿಡಿದ. ಅವಳು ಲಗಾಮು ಬಿಡಲಿಲ್ಲ. ಮೋತಿ ಆ ಗಲಾಟೆಯಲ್ಲೂ ಅವಳ ದುಪಟ್ಟಾಕ್ಕೆ ಬಾಯಿ ಹಾಕುತ್ತಿತ್ತು.

ಕಾರ್ಯದರ್ಶಿಗಳು ನುಗ್ಗಿ ಬಂದರು. ಸೌಂಡು ನಿಂತಿತು. ಅವರ ಮಾತು ಎಲ್ಲರಿಗೂ ಕೇಳಿಸಿತು, ವಿಡಿಯೋದಲ್ಲೂ ಸ್ಪಷ್ಟವಾಗಿದೆ.

"ಕುದುರೆ ಗಟ್ಟಿಮುಟ್ಟಾಗೈತೆ ಅಂತ ಸರ್ಟಿಫಿಕೇಟ್ ಐತೆ ಕಣಮ್ಮ. ನಿಮ್ ಮೇಡಮ್ಮೇ ಸೈನ್ ಹಾಕವ್ರೆ. ಅಗೋ, ಅಲ್ಲೇ ನಿಂತವ್ರೆ, ಕೇಳು."

ಎಲ್ಲರೂ ನನ್ನತ್ತ ತಿರುಗಿದರು. ಗಂಡು ಕುದುರೆ ಮೇಲಿಂದ ತಿರುಗಿದ. ರಕ್ಷಿತಾ ತಿರುಗಿದಳು. ಸಿಟ್ಟಿನಿಂದಲ್ಲ. ನನ್ನ ಮೇಡಂ ಅಲ್ಲಿದ್ದಾರೆ, ಇನ್ನು ಸರಿಹೋಗುತ್ತದೆ ಎಂಬ ನಂಬಿಕೆಯಿಂದ. ಆ ಮುಖವನ್ನು ನಾನು ಮರೆಯಲಾರೆ.

"ಆ ಸರ್ಟಿಫಿಕೇಟ್ ಸರಿಯಿಲ್ಲ ಸರ್" ಅಂದೆ. ಅಂದೆ ಅಂತ ನಾನು ಹೇಳಿಕೊಳ್ಳುತ್ತಿದ್ದೇನೆ. ವಿಡಿಯೋದಲ್ಲಿ ನನ್ನ ತುಟಿ ಅಲುಗುವುದು ಮಾತ್ರ ಕಾಣುತ್ತದೆ. ಕ್ಲಾಸಿನಲ್ಲಿ ಕೊನೇ ಬೆಂಚಿಗೆ ಕೇಳಿಸುವ ಗಂಟಲು ಅವತ್ತು ನನ್ನ ಪಕ್ಕದ ಹೆಂಗಸಿಗೂ ಕೇಳಿಸಲಿಲ್ಲ.

ರಕ್ಷಿತಾ ಇನ್ನು ನನ್ನನ್ನು ಕಾಯಲಿಲ್ಲ. ನಡುರಸ್ತೆಯಲ್ಲೇ ಬಗ್ಗಿ ಮೋತಿಯ ಎಡಗಾಲನ್ನು ಮಡಿಚಿ ಎತ್ತಿ, ಗೊರಸಿನ ತಳವನ್ನು ಜನರ ಕಡೆ ತಿರುಗಿಸಿದಳು. ರಕ್ತ ಬೆರೆತ ಕೀವು ಅವಳ ಕೈಮೇಲೆ ಇಳಿಯಿತು. ಹತ್ತಿರ ನಿಂತಿದ್ದವರು ಮೂಗು ಮುಚ್ಚಿಕೊಂಡು ಹಿಂದೆ ಸರಿದರು.

ಆಗಲಾದರೂ ಗಂಡು ಇಳಿದನೇ? ಇಲ್ಲ. ಸೋದರಮಾವ ಕಾರ್ಯದರ್ಶಿಗಳ ಮುಖ ನೋಡಿದ. ಇನ್ನೈದು ನಿಮಿಷ ಅಷ್ಟೇ ಕಣಮ್ಮ, ಡ್ರೋನ್ ಶಾಟ್ ಒಂದು ಆಗೋಗ್ಲಿ ಅಂದರು ಮಾವ. ಆಗ ಗಂಡಿನ ಅಜ್ಜಿ ಮುಂದೆ ಬಂದರು. ಬಗ್ಗಿ ಕುದುರೆ ಕಾಲು ನೋಡಿದರು.

"ಕುಂಟೋ ಕುದ್ರೆ ಏರ್ಕಂಡು ಹೆಣ್ತಿ ತರಕ್ಕೆ ಬಂದಿದ್ದೀಯಲ್ಲೋ, ಅಪಶಕುನ ಕಣ್ಲಾ. ಇಳೀಲಾ ಮೊದ್ಲು."

ಗಂಡು ದಡಕ್ಕನೆ ನೆಗೆದ. ಕತ್ತಿ ಕೂಡ ಬಿಟ್ಟು ನೆಗೆದ.

ನನ್ನ ಸಿಟ್ಟು ನೆತ್ತಿಗೇರಿದ್ದು ಅಲ್ಲೇ. ಕುದುರೆಗೆ ನೋವಾಗುತ್ತಿದೆ ಅಂದರೆ ಇಳಿಯಲಿಲ್ಲ. ಕೀವು ತೋರಿಸಿದರೆ ಇಳಿಯಲಿಲ್ಲ. ತನಗೆ ಕೆಟ್ಟದಾಗುತ್ತದೆ ಅಂದ ಕೂಡಲೇ ಇಳಿದ. ಆದರೂ ಆ ಅಜ್ಜಿಗೆ ನಾನು ಕೈ ಮುಗಿಯುತ್ತೇನೆ. ಅಷ್ಟು ಜನ ಓದಿದವರು ಸೇರಿ ಮಾಡಲಾಗದ್ದನ್ನು ಅವರು ಮಾಡಿದರು.

ಜನ ಊಟಕ್ಕೆ ಒಳಗೆ ಹೋದ ಮೇಲೆ ಪಾಷಾ ಹತ್ತಿರ ಹೋದೆ. ಜಗಳ ಮಾಡಲೆಂದೇ ಹೋದೆ. ಗೊತ್ತಿದ್ದೂ ಗೊತ್ತಿದ್ದೂ ಯಾಕೆ ತಂದಿರಿ ಅಂತ ಬೈದೆ. ಅವರು ತಿರುಗಿ ಬೈಯಲಿಲ್ಲ. ಕಾರ್ಯದರ್ಶಿಗಳ ಕಡೆಯವರು ಬಿಳೀ ಕುದುರೆ ಹುಡುಕಿಕೊಂಡು ಬಂದಿದ್ದರಂತೆ. ಕಾಲು ಸರಿಯಿಲ್ಲ ಸ್ವಾಮಿ ಅಂತ ಇವರು ಎರಡು ಸಲ ಹೇಳಿದರಂತೆ. ಅವರು ಜಟಕಾದೊಳಗಿನ ಹಾಳೆಗೆ ಬೆರಳಿಟ್ಟು, ನಮ್ಮ ಸೆಕ್ರೆಟ್ರಿ ಕೈಯಾರೆ ಕೊಟ್ಟ ಸರ್ಟಿಫಿಕೇಟು, ನೀನು ಸುಳ್ಳು ಹೇಳ್ತೀಯೇನ್ಲಾ ಅಂದರಂತೆ.

"ನಂಗೆ ಓದಕ್ ಬರಲ್ಲ ಟೀಚರಮ್ಮ" ಅಂದರು ಪಾಷಾ. "ಕಾಲು ಇನ್ನೂ ಪೂರ್ತಿ ಮಾಯಿಲ್ಲ ಅಂತ ಮಕ್ಳು ಅಂದ್ರು. ಚೆನ್ನಾಗೈತೆ ಅಂತ ನೀವು ಬರ್ದು ಕೊಟ್ರಿ. ದೊಡ್ಡೋರು ಬರ್ದಿದ್ದು ಸುಳ್ಳಾಗ್ತದಾ ಅಂದ್ಕೊಂಡೆ, ಅಲ್ಲಾ ಮಾಫ್ ಮಾಡ್ಲಿ."



ಈಗ ಕೇಳಿ, ನನಗೆ ಯಾರ ಮೇಲೆ ಕೋಪ. ಕಾರ್ಯದರ್ಶಿಗಳ ಮೇಲೆ, ಹೌದು. ಎಂಟ್ರಿ ಹುಚ್ಚಿನ ಆ ಗಂಡಿನ ಮೇಲೆ, ಹೌದು. ಶಿಳ್ಳೆ ಹೊಡೆದವರ ಮೇಲೂ. ಆದರೆ ಎಲ್ಲಕ್ಕಿಂತ ಹೆಚ್ಚು, 'ಪರವಾಗಿಲ್ಲ, ಒಂದು ಸೈನ್ ತಾನೇ' ಅನ್ನುವ ನಮ್ಮ ಈ ಚಾಳಿಯ ಮೇಲೆ. ಜ್ವರವೇ ಬರದವನಿಗೆ ಮೆಡಿಕಲ್ ಸರ್ಟಿಫಿಕೇಟ್. ಬ್ರೇಕ್ ಹಿಡಿಯದ ಸ್ಕೂಲ್ ವ್ಯಾನಿಗೆ ಫಿಟ್‌ನೆಸ್ ಸರ್ಟಿಫಿಕೇಟ್. ಒಂದು ದಿನವೂ ಲ್ಯಾಬಿಗೆ ಬರದವನ ರೆಕಾರ್ಡ್ ಪುಸ್ತಕದ ಮೇಲೆ 'ಪರಿಶೀಲಿಸಿದೆ'. (ಅದನ್ನೂ ನಾನು ಹಾಕಿದ್ದೇನೆ. ಒಂದಲ್ಲ, ಹತ್ತಾರು.) ಪಾಪ, ಹೋಗಲಿ ಬಿಡು, ಯಾರಿಗೇನು ನಷ್ಟ ಅಂತ ಹಾಕುತ್ತೇವೆ. ಯಾರಿಗೇನು ನಷ್ಟ? ಮೂರು ಕಾಲಿನ ಮೇಲೆ ಭಾರ ಬಿಟ್ಟು ಶ್ರೀರಂಗಪಟ್ಟಣದ ಒಂದು ತಗಡಿನ ಶೀಟಿನ ಕೆಳಗೆ ನಿಂತಿದೆಯಲ್ಲ, ಅದನ್ನು ಹೋಗಿ ಕೇಳಿ.

ಪಶುವೈದ್ಯರು ಸೋಮವಾರ ಬೆಳಿಗ್ಗೆಯೇ ಬಂದು ನೋಡಿದರು. ಕೀವು ಈ ಸಲ ಆಳಕ್ಕೆ ಇಳಿದಿದೆ. ಮೂಳೆಗೆ ಮುಟ್ಟಿದ್ದರೆ ಮೋತಿ ಇನ್ನು ಗಾಡಿ ಎಳೆಯುವುದಿಲ್ಲ, ನೆಟ್ಟಗೆ ನಡೆಯುವುದೂ ಕಷ್ಟ. ಮುಟ್ಟಿದೆಯೋ ಇಲ್ಲವೋ ಹೇಳಲು ಇನ್ನೂ ಎರಡು ಮೂರು ವಾರ ಬೇಕು ಅಂದರು. ಮಕ್ಕಳು ಮತ್ತೆ ಬಕೆಟ್ಟು ಹಿಡಿದು ಕೂತಿದ್ದಾರೆ.

ಅದೇ ಸೋಮವಾರ ಕಾಲೇಜಿನಲ್ಲಿ ನನ್ನ ವಿಚಾರಣೆ. ಮನೆ ಮರ್ಯಾದೆ ಹೋಯಿತು, ಆ ಹುಡುಗಿಯ ಅಪ್ಪನನ್ನು ಕರೆಸಿ ಕ್ಷಮಾಪಣೆ ಬರೆಸಿಕೊಳ್ಳಿ, ಕ್ಲಬ್ಬು ಇವತ್ತೇ ಮುಚ್ಚಿ ಅಂತ ಕಾರ್ಯದರ್ಶಿಗಳು ಟೇಬಲ್ಲು ಕುಟ್ಟಿದರು. ಈ ಸಲ ನನ್ನ ಗಂಟಲು ಎದ್ದಿತು. ತಪ್ಪು ಮಾಡಿದ್ದು ನಾನು, ಕ್ಷಮಾಪಣೆ ನಾನು ಬರೆಯುತ್ತೇನೆ ಅಂದೆ. ಅಲ್ಲೇ ಕೂತು ಬರೆದೆ. ಪ್ರಮಾಣಪತ್ರದಲ್ಲಿರುವುದು ಸುಳ್ಳು, ಗೊತ್ತಿದ್ದೂ ಸಹಿ ಮಾಡಿದ್ದೇನೆ, ಅದನ್ನು ರದ್ದು ಮಾಡಬೇಕು. ಅವರು ಓದಿ, ಮಡಿಚಿ, ಡ್ರಾಯರಿಗೆ ಹಾಕಿಕೊಂಡರು. ಇದನ್ನು ಯಾರೂ ಕೇಳಿಲ್ಲ ಮೇಡಂ ಅಂದರು.

ಡ್ರಾಯರಿನಲ್ಲಿರುವುದು ಅಲ್ಲೇ ಇರಲಿ. ಅದನ್ನೇ ಇಲ್ಲಿ ನಿಮ್ಮ ಮುಂದೆ ಬರೆದಿದ್ದೇನೆ.

ಮಂಗಳವಾರ ಪಾಷಾ ಹತ್ತಿರ ಆ ಲ್ಯಾಮಿನೇಟ್ ಹಾಳೆ ಕೇಳಲು ಹೋದೆ. ಹರಿದು ಹಾಕಬೇಕು ಅಂತಿತ್ತು. ಜಟಕಾದಲ್ಲಿ ಇರಲಿಲ್ಲ. ರಕ್ಷಿತಮ್ಮ ತಗೊಂಡೋಯ್ತು ಅಂದರು. ಅದು ಎಲ್ಲಿದೆ ಅಂತ ಮಾರನೇ ದಿನ ಕ್ಲಬ್ಬಿನ ಪುಸ್ತಕ ತೆರೆದಾಗ ಗೊತ್ತಾಯಿತು. ಸ್ಪರ್ಧೆಯ ದಿನ ಅವಳು ಬರೆದಿದ್ದ ಪುಟದ ಎದುರಿನ ಖಾಲಿ ಪುಟಕ್ಕೆ ಅದನ್ನು ಅಂಟಿಸಿದ್ದಾಳೆ. ಎಡಗಡೆ ಬಿಸಿ ಗೊರಸು, ಬಲಗಡೆ ಸಂಪೂರ್ಣ ಆರೋಗ್ಯ ಮತ್ತು ನನ್ನ ಸೈನು. ಕೆಳಗೆ ಒಂದಕ್ಷರ ಬರೆದಿಲ್ಲ. ಕಂಡದ್ದನ್ನು ಮಾತ್ರ ಇಡಬೇಕಲ್ಲ, ಇಟ್ಟಿದ್ದಾಳೆ.

ಅಷ್ಟರಲ್ಲಿ ಬುಧವಾರ ಗಾಳಿ ತಿರುಗಿತು. ಪ್ರಾಣಿಪ್ರಿಯರ ಯಾವುದೋ ಪೇಜಿನವರು ಅದೇ ವಿಡಿಯೋ ಹಾಕಿ, ಕುದುರೆ ಉಳಿಸಿದ ದಿಟ್ಟೆ ಅಂತ ಬರೆದರು. ಕಾಲೇಜಿನ ಹೆಸರೂ ಹಾಕಿದರು. ಮಧ್ಯಾಹ್ನದ ಹೊತ್ತಿಗೆ ಕಾರ್ಯದರ್ಶಿಗಳ ಫೋನು. ದನಿಯಲ್ಲಿ ಜೇನುತುಪ್ಪ. ನಮ್ಮ ಹುಡುಗಿ ಮೇಡಂ, ನಮ್ಮ ಸಂಸ್ಥೆಯ ಹೆಮ್ಮೆ, ವಾರ್ಷಿಕೋತ್ಸವದಲ್ಲಿ ಸನ್ಮಾನ ಇಟ್ಟುಕೊಳ್ಳೋಣ, ಶಾಲು, ಹಾರ, ಸರ್ಟಿಫಿಕೇಟು. ಕ್ಲಬ್ಬು ಮುಚ್ಚುವ ಮಾತು ಎಲ್ಲಿ ಹೋಯಿತೋ! ಥೂ, ಮನುಷ್ಯನಿಗೆ ಇಷ್ಟೂ ನಾಚಿಕೆ ಬೇಡವೇ?

ನಿನ್ನೆ ಸರ್ಟಿಫಿಕೇಟ್ ಪ್ರಿಂಟಾಗಿ ಬಂತು. ದಪ್ಪ ಹಾಳೆ, ಚಿನ್ನದ ಬಣ್ಣದ ಅಂಚು, ಕೆಳಗೆ ಅವೇ ಎರಡು ಗೆರೆ. ರಕ್ಷಿತಾಳನ್ನು ಸ್ಟಾಫ್ ರೂಮಿಗೆ ಕರೆದು ವಿಷಯ ಹೇಳಿದೆ. ಈ ಸಲವಾದರೂ ನಿಜ ಇರುವ ಹಾಳೆ, ಸಂತೋಷಪಡುತ್ತಾಳೆ ಅಂದುಕೊಂಡಿದ್ದೆ. ಅವಳ ಬೆರಳಿನಲ್ಲಿ ಇನ್ನೂ ಬ್ಯಾಂಡೇಜಿನ ಔಷಧಿಯ ಹಳದಿ ಇತ್ತು. ಹಾಳೆಯನ್ನು ಮುಟ್ಟಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ಮೆಲ್ಲಗೆ, ಸ್ಪರ್ಧೆಯ ದಿನ ಮಾತಾಡಿದ್ದಳಲ್ಲ ಅದೇ ದನಿಯಲ್ಲಿ ಕೇಳಿದಳು:

"ಇದ್ಕೆ ಸೈನ್ ಹಾಕೋರು ಯಾರು ಮೇಡಂ?"